ನಾಲಿಗೆಯ ಕೆಳಗಿನ ಗುಳಿಗೆ: ಮನವಿಪತ್ರದಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಮಗ್ಗದ ಊರೊಂದರ ನಿವೃತ್ತ ಶಿಕ್ಷಕಿ. ನಮ್ಮ ಓಣಿಯ ಇಬ್ಬರು ಹುಡುಗರು, ಇಬ್ಬರೂ ನನ್ನ ಕೈಯಲ್ಲಿ ಕಲಿತವರು, ನೋವಿನ ಗುಳಿಗೆಗಳನ್ನು ಕರಗಿಸಿ ಸೂಜಿ ಚುಚ್ಚಿಕೊಳ್ಳುವ ಚಟಕ್ಕೆ ಬಿದ್ದಿದ್ದರು. ಒಬ್ಬನನ್ನು ಮನೆಯವರು ಸಾಲ ಮಾಡಿ ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದರು. ಮೂರು ತಿಂಗಳ ನಂತರ ಮೈ ತುಂಬಿಕೊಂಡು ಬಂದ. ಬಂದ ಒಂಬತ್ತನೆಯ ದಿನ ಸತ್ತ. ನಮ್ಮ ಸ್ತ್ರೀಶಕ್ತಿ ಸಂಘದವರು ಬೆಳಗಾವಿ ಅಧಿವೇಶನದ ವೇಳೆ ಶಾಸಕರಿಗೆ ಮನವಿ ಕೊಡಲಿದ್ದೇವೆ. ಚಟದವರನ್ನು ಜೈಲಿಗೆ ಹಾಕಬೇಕು, ಗುಳಿಗೆ ಮಾರುವ ಅಂಗಡಿಗಳನ್ನು ಮುಚ್ಚಿಸಬೇಕು, ತಾಲ್ಲೂಕಿಗೊಂದು ವ್ಯಸನಮುಕ್ತಿ ಕೇಂದ್ರ ತೆರೆಯಬೇಕು ಎಂದು ಬರೆದಿದ್ದೇವೆ. ಆದರೆ ಸರ್ಕಾರವೇ ನಾಲಿಗೆಯ ಕೆಳಗಿಡುವ ಗುಳಿಗೆಯೊಂದನ್ನು ವರ್ಷಗಟ್ಟಲೆ ಕೊಡುವ ಪದ್ಧತಿ ಇದೆ ಎಂದು ನರ್ಸ್ ಒಬ್ಬರು ಹೇಳಿದರು. ಒಂದು ನಶೆ ಬಿಡಿಸಿ ಇನ್ನೊಂದನ್ನು ಹಚ್ಚಿದಂತಾಗುವುದಿಲ್ಲವೇ? ನಾವು ನಿಜವಾಗಿ ಏನು ಕೇಳಬೇಕು?

ಉತ್ತರ: ಅಕ್ಕನವರೇ, ‘ಒಂಬತ್ತನೆಯ ದಿನ’ ಎಂಬ ಮಾತು ಬಂದಲ್ಲಿ ನಾನು ನಿಮ್ಮ ಪತ್ರವನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆ. ಈ ಭಾಗದ ಸರ್ಕಾರಿ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗದಲ್ಲಿ ಬಹಳ ವರ್ಷ ದುಡಿದ ನನಗೆ ಆ ಲೆಕ್ಕ ಹೊಸದಲ್ಲ. ನಿಮ್ಮ ವಿದ್ಯಾರ್ಥಿಯ ಸಾವಿಗೆ ಕಾರಣ ಅವನ ದುರ್ಬುದ್ಧಿ ಎಂದು ಓಣಿಯಲ್ಲಿ ಈಗಾಗಲೇ ಮಾತಾಗಿರಬಹುದು. ಅವನ ಮರಣದ ವಿವರಗಳನ್ನು ನೋಡದೆ ನಾನು ಖಚಿತವಾಗಿ ಹೇಳಲಾರೆನಾದರೂ, ನೀವು ಬರೆದಿರುವ ಕ್ರಮದಲ್ಲಿ ಸಂಭವಿಸುವ ಸಾವಿಗೆ ವೈದ್ಯಶಾಸ್ತ್ರದಲ್ಲಿ ಸ್ಪಷ್ಟವಾದ ವಿವರಣೆ ಇದೆ. ನಿಮ್ಮ ಮನವಿಪತ್ರದ ಮೂರು ಬೇಡಿಕೆಗಳಲ್ಲಿ ಒಂದೂ ಅಂಥ ಸಾವನ್ನು ತಡೆಯುವಂಥದ್ದಲ್ಲ ಎಂಬುದೇ ನನ್ನ ಚಿಂತೆ.

ಅಫೀಮು, ಹೆರಾಯಿನ್, ಮಾರ್ಫಿನ್, ಕೊಡೀನ್, ಟ್ರಮಡಾಲ್, ಟಪೆಂಟಡಾಲ್ ಇವೆಲ್ಲ ಓಪಿಯಾಯ್ಡ್ ಎಂಬ ಒಂದೇ ಕುಲಕ್ಕೆ ಸೇರಿದವು. ಇವು ಮಿದುಳಿನಲ್ಲಿ ತಮಗಾಗಿ ಇರುವ ನಿರ್ದಿಷ್ಟ ತಾಣಗಳಿಗೆ, ಅಂದರೆ ಗ್ರಾಹಕಗಳಿಗೆ (ರಿಸೆಪ್ಟರ್), ಅಂಟಿಕೊಂಡು ನೋವನ್ನು ತಗ್ಗಿಸುತ್ತವೆ, ಸುಖ ಕೊಡುತ್ತವೆ, ಅದರ ಜೊತೆಯಲ್ಲೇ ಉಸಿರಾಟವನ್ನೂ ನಿಧಾನಗೊಳಿಸುತ್ತವೆ. ದಿನವೂ ತೆಗೆದುಕೊಳ್ಳುವವನ ದೇಹ ಇದಕ್ಕೆ ಒಗ್ಗಿಕೊಳ್ಳುವುದರಿಂದ, ಹೊಸಬನೊಬ್ಬನ ಉಸಿರು ನಿಲ್ಲಿಸುವಷ್ಟು ಪ್ರಮಾಣವನ್ನು ಅವನು ತಡೆದುಕೊಳ್ಳಬಲ್ಲ. ಈಗ ಅವನನ್ನು ಮೂರು ತಿಂಗಳು ಒಂದು ಕೋಣೆಯಲ್ಲಿಟ್ಟರೆ ಏನಾಗುತ್ತದೆ? ಮೈಕೈ ನೋವು, ಭೇದಿ, ಮೂಗು ಸೋರುವಿಕೆ, ನಿದ್ದೆಯಿಲ್ಲದ ರಾತ್ರಿಗಳು ಹೆಚ್ಚೆಂದರೆ ಹತ್ತು ದಿನಗಳಲ್ಲಿ ತಗ್ಗುತ್ತವೆ. ಹಸಿವೆ ಮರಳುತ್ತದೆ, ಮೈ ತುಂಬುತ್ತದೆ, ನೋಡಿದವರು ‘ಹುಡುಗ ಸುಧಾರಿಸಿದ’ ಎನ್ನುತ್ತಾರೆ. ಒಳಗೆ ಎರಡು ಸಂಗತಿಗಳು ನಡೆದಿರುತ್ತವೆ: ದೇಹದ ತಾಳಿಕೆ ಪೂರ್ತಿ ಇಳಿದುಹೋಗಿದೆ, ಆದರೆ ಮಿದುಳಿನ ಬಯಕೆ ಇಳಿದಿಲ್ಲ. ಹಳೆಯ ಓಣಿ, ಹಳೆಯ ಗೆಳೆಯ, ಹಳೆಯ ಜಗಳ ಎದುರಾದ ದಿನ ಅವನು ಹಳೆಯ ಪ್ರಮಾಣವನ್ನೇ ಚುಚ್ಚಿಕೊಳ್ಳುತ್ತಾನೆ, ಅದನ್ನು ತಡೆಯುವ ಶಕ್ತಿ ಈಗ ಆ ದೇಹಕ್ಕೆ ಇರುವುದಿಲ್ಲ. ಕೇಂದ್ರದಿಂದ ಹೊರಬಂದ ಮೊದಲ ಕೆಲವು ವಾರಗಳು, ಹಾಗೆಯೇ ಜೈಲಿನಿಂದ ಬಿಡುಗಡೆಯಾದ ಮೊದಲ ಕೆಲವು ವಾರಗಳು, ಓಪಿಯಾಯ್ಡ್ ವ್ಯಸನಿಯೊಬ್ಬನ ಜೀವನದಲ್ಲಿ ಸಾವಿನ ಭಯ ಅತಿ ಹೆಚ್ಚಾಗಿರುವ ಕಾಲ. ಇದು ಅನೇಕ ದೇಶಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸತ್ಯ.

ಆದ್ದರಿಂದ ತಾಲ್ಲೂಕಿಗೊಂದು ಕೇಂದ್ರ ತೆರೆದು, ಅಲ್ಲಿ ಮೂರು ತಿಂಗಳಿಟ್ಟು, ಆಮೇಲೆ ಯಾವ ಔಷಧವೂ ಇಲ್ಲದೆ ಮನೆಗೆ ಕಳಿಸುವುದಾದರೆ, ಸಾಯಲು ಅನುಕೂಲವಾಗುವ ಸ್ಥಿತಿಗೆ ದೇಹವನ್ನು ತಂದು ಬಿಟ್ಟಂತಾಗುತ್ತದೆ. ಈ ಮಾತು ಕಠಿಣವಾಗಿದೆಯೆಂದು ಬಲ್ಲೆ. ಸಾಲ ಮಾಡಿ ಸೇರಿಸಿದ ತಾಯಿ ತಂದೆಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲವೆಂದು ನೀವೇ ಅವರ ಮನೆಗೆ ಹೋಗಿ ಹೇಳಬೇಕೆಂದು ಬೇಡಿಕೊಳ್ಳುತ್ತೇನೆ.

ಇನ್ನು ನರ್ಸ್ ಹೇಳಿದ ಗುಳಿಗೆಯ ವಿಷಯ. ಅದರ ಹೆಸರು ಬುಪ್ರೆನಾರ್ಫಿನ್. ಅದೂ ಓಪಿಯಾಯ್ಡ್ ಕುಲದ್ದೇ ಎಂಬುದನ್ನು ನಾನು ಮರೆಮಾಚುವುದಿಲ್ಲ. ಆದರೆ ಅದರ ನಡತೆ ಬೇರೆ. ಹೆರಾಯಿನ್ ಅಥವಾ ಚುಚ್ಚಿಕೊಂಡ ಗುಳಿಗೆ ಕ್ಷಣದಲ್ಲಿ ಏರಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಆ ಏರಿಳಿತವೇ ಮನುಷ್ಯನನ್ನು ದಿನಕ್ಕೆ ಮೂರು ನಾಲ್ಕು ಸಲ ಹುಚ್ಚನಂತೆ ಓಡಾಡಿಸುತ್ತದೆ. ಬುಪ್ರೆನಾರ್ಫಿನ್ ನಾಲಿಗೆಯ ಕೆಳಗೆ ನಿಧಾನವಾಗಿ ಕರಗಿ, ಅದೇ ಗ್ರಾಹಕಗಳಿಗೆ ಬಿಗಿಯಾಗಿ ಅಂಟಿಕೊಂಡು, ಅವನ್ನು ಅರ್ಧಮಟ್ಟಕ್ಕೆ ಮಾತ್ರ ಪ್ರಚೋದಿಸುತ್ತದೆ. ಇಡೀ ದಿನ ಒಂದೇ ಮಟ್ಟದಲ್ಲಿರುತ್ತದೆ. ಒಂದು ಹಂತ ದಾಟಿದ ಮೇಲೆ ಪ್ರಮಾಣ ಹೆಚ್ಚಿಸಿದರೂ ಉಸಿರಾಟದ ಮೇಲಿನ ಪರಿಣಾಮ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಮದ್ಯ ಅಥವಾ ನಿದ್ದೆಗುಳಿಗೆ ಜೊತೆ ಸೇರಿದಾಗ ಮಾತ್ರ ಆ ರಕ್ಷಣೆ ಸಡಿಲಾಗುತ್ತದೆ, ಅದಕ್ಕೇ ವೈದ್ಯರು ಅದನ್ನು ಕೇಳಿಯೇ ಕೊಡುತ್ತಾರೆ. ಗ್ರಾಹಕಗಳು ತುಂಬಿರುವುದರಿಂದ ಮೇಲೆ ಬೇರೆ ಏನನ್ನಾದರೂ ಚುಚ್ಚಿಕೊಂಡರೂ ಅದು ಮೊದಲಿನಂತೆ ಹತ್ತುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಾಳಿಕೆ ಉಳಿದುಕೊಂಡಿರುತ್ತದೆ, ಹಾಗಾಗಿ ಒಂಬತ್ತನೆಯ ದಿನ ಜಾರಿದರೂ ಆ ಜಾರುವಿಕೆ ಸಾವಾಗುವ ಸಂಭವ ತೀರ ಕಡಿಮೆಯಾಗುತ್ತದೆ.

ಪುಸ್ತಕದ ಈ ಮಾತು ನನಗೆ ಮನದಟ್ಟಾದದ್ದು ಒಂದು ಮೇ ತಿಂಗಳ ಮಧ್ಯಾಹ್ನ. ಬೆಳಗಾವಿಯಲ್ಲಿ ಹೊರರೋಗಿ ವಿಭಾಗ ಮುಗಿಯುವ ಹೊತ್ತಿಗೆ ತಾಯಿಯೊಬ್ಬಳು ಇಪ್ಪತ್ತರ ಆಸುಪಾಸಿನ ಮಗನನ್ನು ಕರೆತಂದಳು. ಹೊರಗೆ ಬಿಸಿಲು ಸುಡುತ್ತಿತ್ತು, ಅವನು ಕೌದಿ ಹೊದ್ದಿದ್ದ. ತೋಳಿನ ಮೇಲೆ ರೋಮ ನಿಮಿರಿ ನಿಂತಿತ್ತು, ಆಕಳಿಕೆ ನಿಲ್ಲುತ್ತಿರಲಿಲ್ಲ, ಮೂಗು ಕಣ್ಣು ಎರಡೂ ಸೋರುತ್ತಿದ್ದವು. ಮೊಣಕೈಯ ಒಳಭಾಗದಲ್ಲಿ ಹಳೆಯ ಹುಣ್ಣೊಂದು ಕೀವುಗಟ್ಟಿತ್ತು. ಬಾಯಿಂದ ನುಂಗಲೆಂದು ಮಾಡಿದ ಗುಳಿಗೆಯಲ್ಲಿ ಔಷಧಕ್ಕಿಂತ ಹೆಚ್ಚಾಗಿ ಸುಣ್ಣ, ಹಿಟ್ಟು, ಟಾಲ್ಕ್‌ನಂಥ ಪುಡಿಗಳೇ ಇರುತ್ತವೆ. ಅವು ರಕ್ತನಾಳದೊಳಗೆ ಹೋಗಿ ಅದನ್ನೂ ಶ್ವಾಸಕೋಶವನ್ನೂ ಹಾಳುಮಾಡುತ್ತವೆ. ತಾಯಿಯ ಕೈಯಲ್ಲಿ ಬುತ್ತಿಗಂಟಿತ್ತು, ಎರಡು ದಿನದಿಂದ ಮಗ ತುತ್ತು ಮುಟ್ಟಿಲ್ಲವೆಂದಳು. ಮೊದಲ ಗುಳಿಗೆಯನ್ನು ನಾಲಿಗೆಯ ಕೆಳಗಿಟ್ಟು, ನುಂಗಬಾರದು, ಮಾತಾಡಬಾರದು ಎಂದು ಹೇಳಿ ಬೆಂಚಿನ ಮೇಲೆ ಕೂರಿಸಿದೆವು. ಮುಕ್ಕಾಲು ಗಂಟೆಯೊಳಗೆ ಅವನು ಕೌದಿಯನ್ನು ತಾನೇ ಮಡಚಿ ಪಕ್ಕಕ್ಕಿಟ್ಟ. ಆಮೇಲೆ ಬುತ್ತಿ ಬಿಚ್ಚಿಸಿ ಜೋಳದ ರೊಟ್ಟಿ ಮುರಿದು ತಿಂದ. ತಾಯಿ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು. ತಿಂಗಳೆರಡರ ನಂತರ ಅವನು ಹೇಳಿದ ಮಾತನ್ನು ನಾನು ಅವನದೇ ನುಡಿಯಲ್ಲಿ ಬರೆಯುತ್ತೇನೆ: “ಸಾಹೇಬ್ರ, ಇದರಾಗ ಏನೂ ಏರೂದಿಲ್ರಿ. ಮುಂಜಾನೆ ಎದ್ರ ಮಗ್ಗದ ನೆನಪ ಬರತೈತಿ, ಅಷ್ಟರಿ.”

ಒಂದು ನಶೆಯ ಬದಲು ಇನ್ನೊಂದು ನಶೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಆ ಮಾತಿನಲ್ಲಿದೆ. ವ್ಯಸನವೆಂದರೆ ದೇಹ ಒಂದು ವಸ್ತುವಿಗೆ ಒಗ್ಗಿಕೊಂಡಿರುವುದು ಮಾತ್ರವಲ್ಲ. ಆ ವಸ್ತುವಿಗಾಗಿ ಮನೆ, ದುಡಿಮೆ, ಮಾನ, ಆರೋಗ್ಯ ಎಲ್ಲವನ್ನೂ ಬಿಟ್ಟುಕೊಟ್ಟರೂ ನಿಲ್ಲಿಸಲಾಗದಿರುವುದನ್ನು ವ್ಯಸನ ಎನ್ನುತ್ತೇವೆ. ನಿಮ್ಮ ಜಿಲ್ಲೆಯಲ್ಲೇ ಸಾವಿರಾರು ಜನ ಎಚ್‌ಐವಿಗೆ ದಿನವೂ ಎಆರ್‌ಟಿ ಗುಳಿಗೆ ನುಂಗಿ, ಹೊಲಕ್ಕೆ ಹೋಗಿ, ಮಕ್ಕಳನ್ನು ಓದಿಸುತ್ತಿದ್ದಾರೆ. ಜೀವನಪೂರ್ತಿ ಗುಳಿಗೆ ಬೇಕಲ್ಲ ಎಂದು ಅವರನ್ನು ಯಾರೂ ಹೀಗಳೆಯುವುದಿಲ್ಲ. ಬುಪ್ರೆನಾರ್ಫಿನ್ ಕೆಲವರಿಗೆ ಒಂದೆರಡು ವರ್ಷ ಸಾಕಾಗಬಹುದು, ಕೆಲವರಿಗೆ ಹೆಚ್ಚು ಕಾಲ ಬೇಕಾಗಬಹುದು. ಅವಸರದಲ್ಲಿ ನಿಲ್ಲಿಸಿದರೆ ಮತ್ತೆ ಅದೇ ಒಂಬತ್ತನೆಯ ದಿನದ ಅಂಚಿಗೆ ಬಂದು ನಿಲ್ಲುತ್ತೇವೆ.

ಇದು ನನ್ನೊಬ್ಬನ ಅಭಿಪ್ರಾಯವೂ ಅಲ್ಲ, ಹೊಸ ಪ್ರಯೋಗವೂ ಅಲ್ಲ. ಮೆಥಡೋನ್ ಎಂಬ ಇಂಥದೇ ಔಷಧದ ನಿರ್ವಹಣಾ ಚಿಕಿತ್ಸೆಯನ್ನು ನ್ಯೂಯಾರ್ಕ್‌ನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಆರಂಭಿಸಿದ್ದು 1960ರ ದಶಕದಲ್ಲಿ. ಫ್ರಾನ್ಸ್ 1995ರಲ್ಲಿ ಬುಪ್ರೆನಾರ್ಫಿನ್ ಬರೆಯುವ ಅಧಿಕಾರವನ್ನು ಸಾಮಾನ್ಯ ವೈದ್ಯರಿಗೂ ಕೊಟ್ಟಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಅಲ್ಲಿ ಮಿತಿಮೀರಿದ ಸೇವನೆಯಿಂದಾಗುವ ಸಾವುಗಳು ಮುಕ್ಕಾಲು ಪಾಲಿನಷ್ಟು ಇಳಿದವು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಎರಡೂ ಔಷಧಗಳನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ 2007-08ರಿಂದ ಸೂಜಿ ಬಳಸುವವರಿಗಾಗಿ ಈ ಚಿಕಿತ್ಸೆಯನ್ನು ತನ್ನ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿದೆ. ಪಂಜಾಬ್ ಸರ್ಕಾರ 2017ರ ಅಕ್ಟೋಬರ್‌ನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊರರೋಗಿಗಳಿಗೆ ಬುಪ್ರೆನಾರ್ಫಿನ್ ಕೊಡುವ ಕ್ಲಿನಿಕ್‌ಗಳನ್ನು ನಡೆಸುತ್ತಿದೆ, ಸೇರಿಸಿಕೊಳ್ಳದೆ, ಬಾಗಿಲು ಹಾಕದೆ. ದೆಹಲಿಯ ತಿಹಾರ್ ಜೈಲಿನ ಒಳಗೂ ಈ ಚಿಕಿತ್ಸೆ ನಡೆದಿದೆ.

ದೇಶಕ್ಕೆ ಇದರ ಅಗತ್ಯ ಎಷ್ಟಿದೆ ಎಂದು ಶಾಸಕರು ಕೇಳಿದರೆ, ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯನ್ನು ಮುಂದಿಡಿ. ಅದರ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದವರಲ್ಲಿ ಸುಮಾರು 2.26 ಕೋಟಿ ಜನ ಓಪಿಯಾಯ್ಡ್ ಬಳಸುತ್ತಿದ್ದರು, ಅವರಲ್ಲಿ ಸುಮಾರು 77 ಲಕ್ಷ ಜನರಿಗೆ ಚಿಕಿತ್ಸೆಯ ನೆರವು ಬೇಕಿತ್ತು, ಸೂಜಿ ಚುಚ್ಚಿಕೊಳ್ಳುವವರು ಸುಮಾರು ಎಂಟೂವರೆ ಲಕ್ಷ. ಮಾದಕ ವಸ್ತುಗಳಿಗೆ ಅವಲಂಬಿತರಾದ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಅದೇ ಸಮೀಕ್ಷೆ ಮದ್ಯದ ಕುರಿತು ಹೇಳಿದ್ದು ಇನ್ನೂ ಭಾರವಾಗಿದೆ: 5.7 ಕೋಟಿ ಜನರಿಗೆ ನೆರವು ಬೇಕಿತ್ತು. ಬಾಗಲಕೋಟೆ, ಬೆಳಗಾವಿ, ವಿಜಯಪುರ ಈ ಮೂರೂ ಜಿಲ್ಲೆಗಳ ವಾರ್ಡುಗಳಲ್ಲಿ ನಾನು ಕಂಡ ವ್ಯಸನಿಗಳಲ್ಲಿ ಹೆಚ್ಚಿನವರು ಕುಡಿತದವರೇ. ಆದರೆ ಕುಡಿತದ ಚಿಕಿತ್ಸೆ ಬೇರೆ, ಅದರ ಔಷಧಗಳು ಬೇರೆ. ಎರಡನ್ನೂ ‘ವ್ಯಸನಮುಕ್ತಿ’ ಎಂಬ ಒಂದೇ ಚೀಲಕ್ಕೆ ತುಂಬುವುದರಿಂದಲೇ ಓಪಿಯಾಯ್ಡ್ ಹುಡುಗರಿಗೆ ಬೇಕಾದ ಗುಳಿಗೆ ಸಿಗದೆ ಹೋಗುತ್ತಿದೆ ಎಂಬುದು ನನ್ನ ಅನುಭವ.

ಈಗ ಜೈಲಿನ ಬೇಡಿಕೆ. ಮಾದಕ ವಸ್ತು ಕಾಯ್ದೆ, ಅಂದರೆ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಡಿ ಸೇವನೆಯೇ ಅಪರಾಧ. ಹೆರಾಯಿನ್, ಮಾರ್ಫಿನ್‌ನಂಥವುಗಳಿಗೆ ಒಂದು ವರ್ಷದವರೆಗೆ, ಉಳಿದವುಗಳಿಗೆ ಆರು ತಿಂಗಳವರೆಗೆ ಶಿಕ್ಷೆ ಇದೆ. ನೀವು ಕೇಳುತ್ತಿರುವುದು ಆಗಲೇ ಕಾನೂನಿನಲ್ಲಿದೆ. ಆದರೆ ಅದೇ ಕಾಯ್ದೆಯಲ್ಲಿ ಇನ್ನೂ ಎರಡು ಕಲಮುಗಳಿವೆ, ಅವು ನಮ್ಮ ಠಾಣೆಗಳಲ್ಲೂ ವಕೀಲರ ಕಚೇರಿಗಳಲ್ಲೂ ಅಪರೂಪಕ್ಕೆ ಕೇಳಿಬರುತ್ತವೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ಸ್ವ ಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾದರೆ 64ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮಾಡದಿದ್ದರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ತಪ್ಪಿತಸ್ಥನೆಂದು ಕಂಡ ಮೇಲೂ ಶಿಕ್ಷೆಯ ಬದಲು ಅವನ ಒಪ್ಪಿಗೆಯಿಂದ ಚಿಕಿತ್ಸೆಗೆ ಕಳಿಸುವ ಅಧಿಕಾರವನ್ನು 39ನೇ ಕಲಮು ನ್ಯಾಯಾಲಯಕ್ಕೆ ಕೊಟ್ಟಿದೆ. ಆದರೆ ಚಿಕಿತ್ಸೆಯೇ ತಾಲ್ಲೂಕಿನಲ್ಲಿ ಇಲ್ಲದಿದ್ದರೆ ಈ ಕಲಮುಗಳು ಕಾಗದದಲ್ಲೇ ಉಳಿಯುತ್ತವೆ. ಇನ್ನೊಂದನ್ನೂ ಯೋಚಿಸಿ: ಪೊಲೀಸರ ಭಯವಿರುವ ಊರಿನಲ್ಲಿ, ಉಸಿರು ನಿಲ್ಲುತ್ತಿರುವ ಗೆಳೆಯನನ್ನು ಆಸ್ಪತ್ರೆಗೆ ಒಯ್ಯಲು ಯಾವ ಹುಡುಗ ಮುಂದೆ ಬರುತ್ತಾನೆ? ಗೆಳೆಯರು ಓಡಿಹೋದ ಮೇಲೆ ಮನೆಯವರಿಗೆ ಸುದ್ದಿ ತಲುಪಿದ ಪ್ರಕರಣಗಳನ್ನು ನಾನು ಕಂಡಿದ್ದೇನೆ. ಮಾರುವವನ ಮೇಲೆ ಕಾನೂನಿನ ಪೂರ್ಣ ಬಲ ಬೀಳಲಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಮನವಿಪತ್ರದಲ್ಲಿ ಮಾರುವವನನ್ನೂ ರೋಗಿಯನ್ನೂ ಒಂದೇ ಸಾಲಿನಲ್ಲಿ ಬರೆಯಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಅಂಗಡಿ ಮುಚ್ಚಿಸುವ ಬೇಡಿಕೆಯಲ್ಲಿ ಅರ್ಧ ನ್ಯಾಯವಿದೆ. ಟ್ರಮಡಾಲ್, ಕೊಡೀನ್‌ನಂಥ ಔಷಧಗಳು 2014ರ ಮಾರ್ಚ್‌ನಿಂದ ಎಚ್1 ಅನುಸೂಚಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ವೈದ್ಯರ ಮತ್ತು ರೋಗಿಯ ಹೆಸರಿನೊಂದಿಗೆ ಪ್ರತ್ಯೇಕ ದಾಖಲೆಯಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಟ್ರಮಡಾಲ್ 2018ರಲ್ಲಿ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೂ ಬಂತು. ಈ ದಾಖಲೆಗಳನ್ನು ಔಷಧ ನಿಯಂತ್ರಣಾಧಿಕಾರಿಗಳು ನಿಯಮಿತವಾಗಿ ನೋಡಲಿ ಎಂದು ಕೇಳಿ. ಅದನ್ನು ಮೀರಿ ಬಿಗಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಪಾಠಗಳಿವೆ. ಮೊದಲನೆಯದು ನಮ್ಮದೇ: 1985ರ ಕಾಯ್ದೆಯ ನಂತರ ಪರವಾನಗಿಗಳ ತೊಡಕಿನಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು, ಕ್ಯಾನ್ಸರ್ ರೋಗಿಗಳು ನರಳಿ ಸತ್ತರು. ಅದನ್ನು ಸರಿಪಡಿಸಲು ಸಂಸತ್ತು 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. ಎರಡನೆಯದು ಅಮೆರಿಕದ್ದು: ಅಲ್ಲಿ 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ ಎಂಬ ನೋವಿನ ಗುಳಿಗೆ ಲಕ್ಷಾಂತರ ಜನರಿಗೆ ಚಟ ಹಚ್ಚಿತು, 2010ರಲ್ಲಿ ಪುಡಿಮಾಡಲಾಗದಂತೆ ಅದನ್ನು ಬದಲಿಸಿದಾಗ, ಚಿಕಿತ್ಸೆ ಸಾಲದೆ ಇದ್ದುದರಿಂದ ಬಹಳ ಜನ ಹೆರಾಯಿನ್‌ಗೆ ಹೊರಳಿದರು, ಅದರ ಹಿಂದೆ ಹೆರಾಯಿನ್‌ಗಿಂತಲೂ ಪ್ರಬಲವಾದ ಫೆಂಟನಿಲ್ ಎಂಬ ಓಪಿಯಾಯ್ಡ್ ಬಂತು, 2021ರ ಒಂದೇ ವರ್ಷ ಮಾದಕ ವಸ್ತುಗಳ ಮಿತಿಮೀರಿದ ಸೇವನೆಯಿಂದ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಗುಳಿಗೆ ಸಿಗದಂತೆ ಮಾಡುವ ದಿನವೇ ಚಿಕಿತ್ಸೆ ಸಿಗುವಂತೆಯೂ ಮಾಡಬೇಕು. ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆಯದಿದ್ದರೆ ಹುಡುಗರು ಗೋಡೆ ಹಾರುತ್ತಾರೆ.

ಹಾನಿ ತಗ್ಗಿಸುವುದು ಎಂಬ ನೀತಿಯ ಹುರುಳು ಇಷ್ಟೇ: ಮನುಷ್ಯ ಚಟ ಬಿಡುವವರೆಗೂ ಅವನು ಬದುಕಿರಬೇಕು, ಬೇರೆ ರೋಗ ಹತ್ತಿಸಿಕೊಳ್ಳಬಾರದು. ಶುದ್ಧ ಸೂಜಿ ಕೊಡುವುದು ಚಟಕ್ಕೆ ಕುಮ್ಮಕ್ಕು ಕೊಟ್ಟಂತೆ ಎಂದು ನಿಮ್ಮ ಸಂಘದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರಿಗೆ ನಮ್ಮ ಜಿಲ್ಲೆಗಳ ಕಥೆಯನ್ನೇ ನೆನಪಿಸಿ. 2000ರ ದಶಕದಲ್ಲಿ ಬಾಗಲಕೋಟೆ, ಬೆಳಗಾವಿ, ವಿಜಯಪುರ ರಾಜ್ಯದಲ್ಲಿ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳ ಸಾಲಿನಲ್ಲಿದ್ದವು. ಲೈಂಗಿಕ ವೃತ್ತಿಯ ಮಹಿಳೆಯರಿಗೆ ಕಾಂಡೋಮ್ ಹಂಚಿದಾಗ ಇದೇ ಆಕ್ಷೇಪ ಕೇಳಿಬಂದಿತ್ತು. ಹಂಚಿದವರು ಆ ಮಹಿಳೆಯರ ನಡುವಿನವರೇ ಆಗಿದ್ದರು, ಬೈಗುಳ ತಿಂದರು, ನಿಲ್ಲಿಸಲಿಲ್ಲ, ಸೋಂಕು ಇಳಿಯಿತು. ಕಾನೂನು ಈಗ ಇಂಥ ಕೆಲಸದ ಬೆನ್ನಿಗಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 22ನೇ ಕಲಮು, ಸೋಂಕಿನ ಅಪಾಯ ತಗ್ಗಿಸಲು ಮಾರ್ಗಸೂಚಿಯಂತೆ ನಡೆಸುವ ಶುದ್ಧ ಸೂಜಿ ವಿತರಣೆ, ಬದಲಿ ಔಷಧ ಚಿಕಿತ್ಸೆ ಮುಂತಾದವು ಅಪರಾಧವಲ್ಲ ಎಂದು ಸಾರಿದೆ. ಸೂಜಿ ಹಂಚಿಕೊಂಡವರಿಗೆ ಎಚ್‌ಐವಿಯಷ್ಟೇ ಹೆಪಟೈಟಿಸ್ ಸಿ ಕಾಟವೂ ಇದೆ. ಅದಕ್ಕೆ 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತ ಔಷಧವಿದ್ದು, ಹೆಚ್ಚಿನವರಲ್ಲಿ ಹನ್ನೆರಡು ವಾರಗಳಲ್ಲಿ ಗುಣವಾಗುತ್ತದೆ.

ಮನವಿಪತ್ರದ ಒಡಲಿಗೆ ಬರೋಣ. ಮೊದಲ ಬೇಡಿಕೆ, ಬುಪ್ರೆನಾರ್ಫಿನ್ ನಿಮ್ಮ ತಾಲ್ಲೂಕು ಆಸ್ಪತ್ರೆಯ ಔಷಧ ಕಿಟಕಿಯವರೆಗೆ ಬರಬೇಕು ಎಂಬುದು. ಚಟ ಬಿಡಿಸಲು ಕೊಡುವ ಬುಪ್ರೆನಾರ್ಫಿನ್ ಗುಳಿಗೆ ಸಾಮಾನ್ಯ ಔಷಧ ಅಂಗಡಿಯಲ್ಲಿ ಸಿಗುವುದಿಲ್ಲ. ಗೊತ್ತುಪಡಿಸಿದ ಕೇಂದ್ರಗಳಿಗೆ ಮಾತ್ರ ಪೂರೈಕೆಯಾಗುತ್ತದೆ. ಆ ನಿರ್ಬಂಧಕ್ಕೆ ಕಾರಣವಿದೆ, ಅದು ಕಳ್ಳದಾರಿ ಹಿಡಿಯಬಾರದು. ಆದರೆ ಕೇಂದ್ರ ದೂರವಿದ್ದಷ್ಟೂ ಚಿಕಿತ್ಸೆ ಮುರಿಯುತ್ತದೆ. ವಿಜಯಪುರದಿಂದ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಸುಮಾರು 200 ಕಿಲೋಮೀಟರ್. ಹೋಗಿ ಬರುವುದರಲ್ಲಿ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಹೋಗುತ್ತದೆ. ಮೇಲೆ ಹೇಳಿದ ಮಗ್ಗದ ಹುಡುಗ ವಾರಕ್ಕೊಮ್ಮೆ ಬೆಳಗಾವಿಗೆ ಬಂದು ಗುಳಿಗೆ ಒಯ್ಯುತ್ತಿದ್ದ, ಹುಣ್ಣು ಮಾದಿತ್ತು, ಮುಖದಲ್ಲಿ ಕಳೆ ಬಂದಿತ್ತು. ಮದುವೆಯ ಸೀಸನ್ನಿನಲ್ಲಿ ಮಾಲೀಕ ರಜೆ ಕೊಡಲಿಲ್ಲ. ಎರಡು ವಾರ ತಪ್ಪಿತು, ಮೂರನೆಯ ವಾರ ಅವನು ಮತ್ತೆ ಸೂಜಿಗೆ ಮರಳಿದ್ದ. ಅವನ ಊರಿನ ಹತ್ತಿರವೇ ಗುಳಿಗೆ ಸಿಗುತ್ತಿದ್ದರೆ ಅದು ಮುರಿಯುತ್ತಿರಲಿಲ್ಲವೆಂಬ ಕೊರಗು ನನಗಿನ್ನೂ ಇದೆ.

ಹೊಸ ಕಟ್ಟಡ ಬೇಡ, ಹೊಸ ಹುದ್ದೆಗಳಿಗೆ ಕಾಯುವುದೂ ಬೇಡ. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಡಿ ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಮನೋವೈದ್ಯರು ಅಂದು ಚಿಕಿತ್ಸೆ ಆರಂಭಿಸಿ, ಉಳಿದ ದಿನ ತರಬೇತಿ ಪಡೆದ ವೈದ್ಯಾಧಿಕಾರಿಯ ಕಣ್ಣೆದುರು ನರ್ಸ್ ಗುಳಿಗೆ ಕೊಟ್ಟು, ಸ್ಥಿರವಾದವರಿಗೆ ವಾರದ ಗುಳಿಗೆಯನ್ನು ಮನೆಗೆ ಕೊಡಬಹುದು. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಗೆ ಒಯ್ಯುವ ಅವಕಾಶ ಕೊಟ್ಟಾಗ ಈ ಪದ್ಧತಿ ಸಾಧ್ಯವೆಂದು ದೇಶ ಕಂಡಿದೆ. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಳಿಸಿ ತೋರಿಸಿತು, ಅದೇ ಮುಂದೆ ಇಡೀ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ನಾಡಿಗೆ ಇದು ಗೊತ್ತಿಲ್ಲದ ದಾರಿಯಲ್ಲ.

ಎರಡನೆಯ ಬೇಡಿಕೆ ನಲೋಕ್ಸೋನ್. ಓಪಿಯಾಯ್ಡ್‌ನಿಂದ ಉಸಿರು ನಿಲ್ಲುತ್ತಿರುವವನಿಗೆ ಈ ಚುಚ್ಚುಮದ್ದು ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ; ಅದಕ್ಕೆ ನಶೆಯ ಗುಣವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿಯೇ ಇದು ವ್ಯಸನಿಗಳ ಮನೆಯವರ, ಗೆಳೆಯರ ಕೈಗೂ ಸಿಗಬೇಕೆಂದು ಶಿಫಾರಸು ಮಾಡಿದೆ. ನೀವು ಸದ್ಯಕ್ಕೆ ಪ್ರತಿ 108 ಆಂಬುಲೆನ್ಸಿನಲ್ಲೂ, ಸಮುದಾಯ ಆರೋಗ್ಯ ಕೇಂದ್ರದಲ್ಲೂ ಇದು ಇರಲೇಬೇಕೆಂದು ಕೇಳಿ. ಓಣಿಯವರಿಗೆ ಇಷ್ಟನ್ನು ಈಗಲೇ ಕಲಿಸಿ: ಕರೆದರೆ ಓಗೊಡದೆ, ಗೊರಕೆಯಂಥ ನಿಧಾನ ಉಸಿರು, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟು ಚಿಕ್ಕದಾದ ಕಣ್ಣಪಾಪೆ ಕಂಡರೆ, ‘ಮಲಗಿದ್ದಾನೆ’ ಎಂದು ಬಿಡಬಾರದು. ತಕ್ಷಣ 108ಕ್ಕೆ ಕರೆ ಮಾಡಿ, ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಉಸಿರು ನಿಂತಿದ್ದರೆ ಬಾಯಿಂದ ಬಾಯಿಗೆ ಉಸಿರು ಕೊಡಬೇಕು.

ಖಾಸಗಿ ಕೇಂದ್ರಗಳ ವಿಷಯವನ್ನು ಚಿಕ್ಕದಾಗಿ ಬರೆಯಿರಿ, ಆದರೆ ಬಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ಸಮಸ್ಯೆಯನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಇಂಥ ಕೇಂದ್ರಗಳು ನೋಂದಣಿಯಾಗಿರಬೇಕು, ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ, ಒಪ್ಪಿಗೆಯಿಲ್ಲದ ದಾಖಲಾತಿ 30 ದಿನ ಮೀರಿ ಮುಂದುವರಿಯಬೇಕಾದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿ ಬೇಕು. ಬಿಡುಗಡೆಯ ಚೀಟಿಯಲ್ಲಿ ಮುಂದಿನ ಔಷಧ, ಮುಂದಿನ ತಾರೀಖು, ಮತ್ತು ತಾಳಿಕೆ ಇಳಿದಿರುವುದರ ಎಚ್ಚರಿಕೆ ಕನ್ನಡದಲ್ಲಿ ಇರಲೇಬೇಕೆಂದು ಒತ್ತಾಯಿಸಿ. ಹಿಂಡಲಗಾ ಜೈಲಿನಂಥ ಕಾರಾಗೃಹಗಳಿಂದ ಬಿಡುಗಡೆಯಾಗುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಮನವಿ ಕೊಡುವ ರೀತಿಯ ಬಗ್ಗೆ ಒಂದೆರಡು ಮಾತು. ಅಧಿವೇಶನದ ದಿನಗಳಲ್ಲಿ ಸುವರ್ಣ ವಿಧಾನಸೌಧದ ಹತ್ತಿರ ಕೊಂಡಸಕೊಪ್ಪದ ಟೆಂಟುಗಳಲ್ಲಿ ಹತ್ತಾರು ಸಂಘಟನೆಗಳು ಕೂತಿರುತ್ತವೆ. ಮಂತ್ರಿಗಳು ಬಂದು ಕಾಗದ ಇಸಿದುಕೊಂಡು ಹೋಗುತ್ತಾರೆ. ಅಷ್ಟಕ್ಕೆ ನಿಲ್ಲಬೇಡಿ. ಅದಕ್ಕೂ ಮೊದಲೇ ನಿಮ್ಮ ಶಾಸಕರನ್ನು ಕಂಡು, ತಾಲ್ಲೂಕು ಆಸ್ಪತ್ರೆಯಲ್ಲಿ ಬುಪ್ರೆನಾರ್ಫಿನ್ ಏಕೆ ಸಿಗುತ್ತಿಲ್ಲ, ನಲೋಕ್ಸೋನ್ ದಾಸ್ತಾನು ಎಷ್ಟಿದೆ ಎಂದು ಆರೋಗ್ಯ ಸಚಿವರಿಗೆ ಚುಕ್ಕೆ ಗುರುತಿನ ಪ್ರಶ್ನೆ ಕೇಳುವಂತೆ ವಿನಂತಿಸಿ. ಸದನದಲ್ಲಿ ಕೊಟ್ಟ ಉತ್ತರ ದಾಖಲೆಯಾಗಿ ಉಳಿಯುತ್ತದೆ. ಅದೇ ಮಾಹಿತಿಯನ್ನು ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿಯಲ್ಲೂ ಕೇಳಿ, 30 ದಿನಗಳಲ್ಲಿ ಉತ್ತರ ಬರಬೇಕು. ಗ್ರಾಮಸಭೆಯ ಠರಾವು, ತಾಲ್ಲೂಕಿನ ಕೆಡಿಪಿ (ಅಭಿವೃದ್ಧಿ ಪರಿಶೀಲನಾ) ಸಭೆಯ ನಡಾವಳಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಮಾದಕ ವಸ್ತು ನಿಯಂತ್ರಣ ಸಮಿತಿ, ಈ ಮೂರೂ ಕಡೆ ವಿಷಯ ಸೇರಲಿ. ಆ ಸಮಿತಿಯಲ್ಲಿ ಸಾಮಾನ್ಯವಾಗಿ ಪೊಲೀಸ್ ಇಲಾಖೆಯ ವಶಪಡಿಕೆಯ ಲೆಕ್ಕವೇ ಹೆಚ್ಚು ಹೊತ್ತು ನಡೆಯುತ್ತದೆ. ಈ ತಿಂಗಳು ಎಷ್ಟು ಜನ ಚಿಕಿತ್ಸೆಯಲ್ಲಿ ಉಳಿದರು ಎಂಬ ಲೆಕ್ಕವನ್ನೂ ಓದಿಸಬೇಕು. ಬುಪ್ರೆನಾರ್ಫಿನ್ ಕೇಂದ್ರದ ಬೇಡಿಕೆಯ ಪ್ರತಿಯನ್ನು ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಗೂ ಕಳಿಸಿ. ಸಾಧ್ಯವಾದರೆ ಸತ್ತ ಹುಡುಗನ ತಾಯಿ ಶಾಸಕರೆದುರು ತಾನೇ ಮಾತಾಡಲಿ, ಅವಳಿಗೆ ಮನಸ್ಸಿದ್ದರೆ ಮಾತ್ರ, ಮಗನ ಫೋಟೊ ಹಿಡಿಯಬೇಕೆಂಬ ಒತ್ತಾಯವಿಲ್ಲದೆ.

ನಿಮ್ಮ ಎರಡನೆಯ ವಿದ್ಯಾರ್ಥಿಯ ಬಗ್ಗೆ ಪತ್ರದಲ್ಲಿ ಮುಂದೆ ಏನೂ ಬರೆದಿಲ್ಲ. ಅವನು ಇನ್ನೂ ಚುಚ್ಚಿಕೊಳ್ಳುತ್ತಿದ್ದರೆ ಅಧಿವೇಶನದವರೆಗೆ ಕಾಯಬೇಡಿ. ಹೆದರಿಸದೆ, ಗೆಳೆಯನ ಸಾವನ್ನು ಎತ್ತಾಡದೆ, ಶಿಕ್ಷಕಿಯಾಗಿ ನೀವೇ ಹೋಗಿ ಕರೆಯಿರಿ. ಅವನು ಬೇರೆ ಯಾರ ಮಾತನ್ನೂ ಕೇಳದಿರಬಹುದು, ನಿಮ್ಮದನ್ನು ಕೇಳುತ್ತಾನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ ಬುಪ್ರೆನಾರ್ಫಿನ್ ಕೊಡುವ ಹತ್ತಿರದ ಕೇಂದ್ರ ಯಾವುದೆಂದು ಕೇಳಿ, ಬರುವ ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಿಸಿ. ಕೊನೆಯ ಬಾರಿ ಏನನ್ನು, ಎಷ್ಟು, ಯಾವ ಹೊತ್ತಿಗೆ ತೆಗೆದುಕೊಂಡೆ ಎಂಬುದನ್ನು ವೈದ್ಯರೆದುರು ಮುಚ್ಚಿಡಬಾರದೆಂದು ಅವನಿಗೆ ಹೇಳಿ. ಹಳೆಯ ಔಷಧ ದೇಹದಲ್ಲಿ ಇನ್ನೂ ಇರುವಾಗ ಬುಪ್ರೆನಾರ್ಫಿನ್ ಕೊಟ್ಟರೆ ಸಂಕಟ ಒಮ್ಮೆಲೇ ಉಲ್ಬಣಿಸಿ ಅವನು ಮತ್ತೆ ಆಸ್ಪತ್ರೆಯ ಕಡೆ ಮುಖ ಹಾಕದಿರಬಹುದು. ಮೊದಲ ಗುಳಿಗೆಯ ಹೊತ್ತು ನಿಶ್ಚಯವಾಗುವುದು ಅವನು ಕೊಡುವ ಆ ಉತ್ತರದ ಮೇಲೆ.